ಹುಲ್ಲಿನ ಪರೀಕ್ಷೆ

ವಾರ್ಷಿಕ ಸಂಚಿಕೆಗೆ ಏನಾದರೊಂದು ಬರೆದು ಕೊಡಬೇಕೆಂದು ಕನ್ನಡ ಅಧ್ಯಾಪಕರು ತರಗತಿಯಲ್ಲಿ ಹೇಳಿದಾಗ, ಆ ಗಂಟೆ ಮುಗಿಯುವುದರೊಳಗಾಗಿಯೇ ನನ್ನ ಗೆಳೆಯರೆಲ್ಲ ವಿಷಯಗಳನ್ನು ಹಂಚಿಕೊಂಡುಬಿಟ್ಟರು. ಒಬ್ಬನಿಗೆ ಕೃಷ್ಣದೇವರಾಯ, ಇನ್ನೊಬ್ಬನಿಗೆ ತುಂಗಭದ್ರೆ, ಮತ್ತೊಬ್ಬಳಿಗೆ ವಿಠ್ಠಲ ದೇವಾಲಯದ ಕಲ್ಲಿನ ರಥ. ಹಂಪಿಯ ಮಗ್ಗುಲಲ್ಲಿ ಕುಳಿತು ಓದುವವರಿಗೆ ವಿಷಯಕ್ಕೇನು ಬರ! ತಡವಾಗಿ ಕೈಯೆತ್ತಿದ ನನ್ನ ಪಾಲಿಗೆ ಉಳಿದದ್ದು ಹುಲ್ಲು. ಹುಲ್ಲೆಂದು ನಗಬೇಡಿ. ಈ ಮೂರು ವರ್ಷಗಳಲ್ಲಿ ನಾನು ಬರೆದ ಪರೀಕ್ಷೆಗಳಲ್ಲೆಲ್ಲ ಹೇಗೋ ದಾಟಿಕೊಂಡು ಬಂದಿದ್ದೇನೆ. ಪೂರಾ ನಪಾಸಾದದ್ದು ಹುಲ್ಲಿನ ಪರೀಕ್ಷೆಯಲ್ಲಿ ಮಾತ್ರ. ಹಾಗೆ ನಪಾಸು ಮಾಡಿದವಳು ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ನನ್ನ ಅವ್ವ.

ನಮ್ಮ ಮನೆ ಹೊಸಪೇಟೆಯ ಅಂಚಿನಲ್ಲಿ, ಕಾಲುವೆಯ ಬದಿಗಿದೆ. ವಿಜಯನಗರದ ಅರಸರ ಕಾಲದಲ್ಲಿ ತೋಡಿದ ಈ ಕಾಲುವೆಗಳು ಇಂದಿಗೂ ಹರಿಯುತ್ತವೆ. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತಾ ಕಾಲುವೆ ಎಂಬ ಹೆಸರುಗಳನ್ನು ನಾನು ಇತಿಹಾಸದ ಪುಸ್ತಕದಲ್ಲಿ ಓದುವ ಮೊದಲೇ ಅವುಗಳ ದಂಡೆಯ ಮೇಲೆ ಹುಲ್ಲು ಕೊಯ್ದಿದ್ದೆ. ಅಪ್ಪ ಹಮಾಲಿ. ಅವ್ವ ಎರಡು ಎಮ್ಮೆಗಳನ್ನು ಕಟ್ಟಿಕೊಂಡಿದ್ದಾಳೆ. ಅದರ ಜೊತೆಗೆ ಕಾಲುವೆಯ ದಂಡೆಯ ಹಸಿಹುಲ್ಲನ್ನು ಹೊರೆ ಕಟ್ಟಿ, ಕಂಪ್ಲಿಯ ಕಡೆಯಿಂದ ಬರುವ ನೆಲ್ಲುಹುಲ್ಲನ್ನು ಕೊಂಡು, ಊರೊಳಗೆ ಎಮ್ಮೆ ಸಾಕಿದವರಿಗೆ ಮಾರುತ್ತಾಳೆ. ನನ್ನ ಕಾಲೇಜಿನ ಶುಲ್ಕದ ರಶೀದಿಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಅಂಗುಲವೂ ಆಗಲಿಕ್ಕಿಲ್ಲ, ಆದರೆ ಅವುಗಳ ಹಿಂದಿರುವ ಹುಲ್ಲಿನ ಹೊರೆಗಳನ್ನು ಒಟ್ಟಿದರೆ ಒಂದು ದೊಡ್ಡ ಬಣವೆಯೇ ಆದೀತು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈ ಮಾತನ್ನು ಇಲ್ಲಿ ಹೆಮ್ಮೆಗಾಗಿ ಹೇಳುತ್ತಿಲ್ಲ. ಆ ಮೊದಲಿಗತನದ ಅಹಂಕಾರವೇ ಮುಂದಿನ ಕಥೆಗೆಲ್ಲ ಮೂಲ.

2024ರ ಜುಲೈ ತಿಂಗಳಲ್ಲಿ ನಮ್ಮ ಮನೆಗೆ ಎರಡು ಬಿಳಿಯ ಮೊಲಗಳು ಬಂದವು. ತಂದವಳು ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ತಂಗಿ. ಗೆಳತಿಯ ಮನೆಯಲ್ಲಿ ಮರಿಗಳು ಹೆಚ್ಚಾಗಿ ಹಂಚುತ್ತಿದ್ದರಂತೆ. ಅಪ್ಪ, ‘ಹಾಲು ಕೊಡೋದಿಲ್ಲ, ಮೊಟ್ಟೆ ಇಡೋದಿಲ್ಲ, ಇವು ಯಾಕ?’ ಎಂದು ಒಂದು ಸಲ ಕೇಳಿ ಸುಮ್ಮನಾದ. ತಂಗಿ ಹಣ್ಣಿನ ಪೆಟ್ಟಿಗೆಗಳನ್ನು ಒಡೆದು ಗೂಡು ಮಾಡಿದಳು, ಗಂಡಿಗೆ ಹಕ್ಕ ಎಂದೂ ಹೆಣ್ಣಿಗೆ ಚಂದ್ರಿ ಎಂದೂ ಹೆಸರಿಟ್ಟಳು.

ಹಕ್ಕನೆಂಬ ಹೆಸರು ಅವಳಿಗೆ ಹೊಳೆದದ್ದು ಸುಮ್ಮನೆ ಅಲ್ಲ. ಬೇಟೆಗೆ ಬಂದ ಅರಸನ ನಾಯಿಗಳನ್ನು ಒಂದು ಮೊಲ ತಿರುಗಿಬಿದ್ದು ಅಟ್ಟಿಸಿತು, ಆ ಗಂಡುಮೆಟ್ಟಿನ ನೆಲದಲ್ಲೇ ವಿಜಯನಗರ ಕಟ್ಟಿದರು ಎಂಬ ಕಥೆಯನ್ನು ನಮ್ಮಲ್ಲಿ ಕೇಳದ ಮಕ್ಕಳಿಲ್ಲ. ಹದಿನಾರನೆಯ ಶತಮಾನದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಕೂಡ ತನ್ನ ವೃತ್ತಾಂತದಲ್ಲಿ ಈ ಕಥೆಯನ್ನು ಹೇಳಿದ್ದಾನೆ. ಆದರೆ ನಾಯಿಯನ್ನು ಅಟ್ಟಿಸಿದ ಆ ಮೊಲಕ್ಕೂ ನಮ್ಮ ಹಣ್ಣಿನ ಪೆಟ್ಟಿಗೆಯ ಹಕ್ಕನಿಗೂ ಸಂಬಂಧ ದೂರದ್ದು. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರಾದರೂ ಜಾತಿ ಬೇರೆ. ನಮ್ಮ ಬಂಡೆ ಬೆಟ್ಟಗಳ ಕಾಡುಮೊಲ ಬಿಲ ತೋಡುವುದಿಲ್ಲ. ಅದರ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ, ಮೈಮೇಲೆ ಕೂದಲಿರುತ್ತದೆ. ಸಾಕುಮೊಲ ಯೂರೋಪಿನ ಮೂಲದ್ದು. ಅದರ ಮರಿ ಕುರುಡಾಗಿ, ಬತ್ತಲೆಯಾಗಿ ಹುಟ್ಟುತ್ತದೆ. ಕಾಡುಮೊಲವನ್ನು ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸಂಡೂರಿನ ಗುಡ್ಡಗಳಲ್ಲಿ ಉರುಲು ಹಾಕುವ ಹುಡುಗರಿಗೆ ಇದನ್ನು ಯಾರಾದರೂ ಹೇಳಿದ್ದಾರೋ ಇಲ್ಲವೋ.

ಮೊಲಗಳ ಊಟೋಪಚಾರದ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ಓದಿದವನು ತಾನೆ! ಒಂದು ವಾರ ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಮೊಲದ ಹಲ್ಲುಗಳು ಸಾಯುವ ತನಕ ಬೆಳೆಯುತ್ತಲೇ ಇರುತ್ತವೆಯೆಂದೂ, ನಾರಿನ ಹುಲ್ಲನ್ನು ಹಗಲಿರುಳು ಅರೆದರೆ ಮಾತ್ರ ಅವು ಸವೆಯುತ್ತವೆಯೆಂದೂ ತಿಳಿಯಿತು. ಮೊಲಕ್ಕೆ ವಾಂತಿ ಮಾಡಲು ಬಾರದಂತೆ. ಕೆಟ್ಟದ್ದು ಒಳಗೆ ಹೋದರೆ ಹೊರಗೆ ಬರುವ ದಾರಿ ಇಲ್ಲ. ಕರುಳು ಸದಾ ಚಲಿಸುತ್ತಿರಬೇಕು; ಅರ್ಧ ದಿನ, ಒಂದು ದಿನ ತಿನ್ನದೆ ಕುಳಿತರೆ ಜೀವಕ್ಕೇ ಅಪಾಯ. ರಾತ್ರಿ ಹಾಕುವ ಮೆತ್ತನೆಯ ಹಿಕ್ಕೆಯನ್ನು ತಾನೇ ಮತ್ತೆ ತಿನ್ನುತ್ತದೆಂದು ಓದಿ ಹೇಳಿದಾಗ ತಂಗಿ ‘ಥೂ’ ಎಂದಳು. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ನಾವು ಕೊಡುತ್ತಿದ್ದ ಗಜ್ಜರಿ, ಬಿಸ್ಕೀಟು ಅದರ ಆಹಾರವೇ ಅಲ್ಲ. ಆಹಾರದ ಬಹುಪಾಲು ಒಣಹುಲ್ಲೇ ಆಗಿರಬೇಕು. ‘ಹುಲ್ಲೇ ತಾನೆ! ಹುಲ್ಲಿನ ಮನೆಯಲ್ಲಿ ಹುಲ್ಲಿಗೇನು ಬರ’ ಎಂದುಕೊಂಡೆ.

ಆಗಸ್ಟ್ ಮೊದಲ ವಾರ ಅವ್ವ ಸಂಡೂರಿನ ಕಡೆಯ ತನ್ನ ತವರಿಗೆ ಹೋದಳು, ಚಿಕ್ಕವ್ವನ ಮಗಳ ಬಾಣಂತನಕ್ಕೆ. ಮನೆಯಲ್ಲಿದ್ದ ಹುಲ್ಲನ್ನು ಎಮ್ಮೆಗಳು ಮುಗಿಸಿದವು. ಮಳೆಗಾಲದಲ್ಲಿ ಹೊಸ ನೆಲ್ಲುಹುಲ್ಲು ಸಿಕ್ಕುವುದಿಲ್ಲ. ಬೇಸಿಗೆಯ ಬೆಳೆಯದ್ದೇ ಉಳಿದಿರುತ್ತದೆ, ಅಥವಾ ಮುಂಗಾರಿನ ಭತ್ತ ಕೊಯ್ಯುವ ತನಕ ಕಾಯಬೇಕು. ಒಬ್ಬರ ಬಳಿ ಮಿಷನ್ನಿನಲ್ಲಿ ಸುತ್ತಿದ ಪೆಂಡಿಗಳು ಅಗ್ಗಕ್ಕೆ ಸಿಕ್ಕವು. ಹೊರಗಿನಿಂದ ನೋಡಿದರೆ ಹೊಂಬಣ್ಣ. ಎರಡು ಪೆಂಡಿ ತಂದೆ. ಬಿಚ್ಚಿದಾಗ ನಡುವೆ ಬೂದಿ ಚೆಲ್ಲಿದ ಹಾಗೆ ಬಿಳಿಯ ಪುಡಿ ಕಂಡಿತು, ಕೊಡವಿದಾಗ ಹೊಗೆಯಂತೆ ಎದ್ದು ನನಗೆ ನಾಲ್ಕು ಸೀನು ಬಂದವು. ಕಣದ ದೂಳಿರಬೇಕೆಂದು ಹಾಕಿದೆ. ಎಮ್ಮೆಗಳು ಮೂಸಿ ನೋಡಿ ಮುಖ ತಿರುಗಿಸಿದವು. ಎಮ್ಮೆ ತಿನ್ನದ್ದನ್ನು ಮೊಲದ ಗೂಡಿಗೆ ಹಾಕುವಷ್ಟು ಬುದ್ಧಿವಂತಿಕೆ ಬಿ.ಎ. ಓದುವವನಲ್ಲದೆ ಇನ್ನಾರಲ್ಲಿ ಇದ್ದೀತು?

ಆಗಸ್ಟ್ 9ರ ಶುಕ್ರವಾರ ಸಂಜೆಗೆ ಹಕ್ಕ ತಿನ್ನುವುದನ್ನು ಬಿಟ್ಟ. ಮೂಲೆಯಲ್ಲಿ ಮುದುರಿ ಕುಳಿತು ಹಲ್ಲು ಕಡಿಯುತ್ತಿದ್ದ. ಶನಿವಾರ ಬೆಳಿಗ್ಗೆ ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ದನದ ಆಸ್ಪತ್ರೆಗೆ ಒಯ್ದೆ. ವೈದ್ಯರು ಹೊಟ್ಟೆಯ ಮೇಲೆ ಕೈಯಾಡಿಸಿ, ಕೇಳಿದ ಮೊದಲ ಪ್ರಶ್ನೆ: ‘ಯಾವ ಹುಲ್ಲು ಹಾಕಿದಿ?’ ನಾನು ಹೇಳಿದೆ. ‘ಮೂಸಿ ನೋಡಿದ್ದೇನು?’ ನಾನು ಹೇಳಲಿಲ್ಲ. ಅವರು ಸೂಜಿ ಚುಚ್ಚಿದರು, ಬಾಯಿಗೆ ಹನಿ ಹನಿ ಹಾಕಲು ಔಷಧಿ ಕೊಟ್ಟರು. ಮುಗ್ಗಿದ ಹುಲ್ಲೇ ಕಾರಣವೆಂದು ಕೊಯ್ದು ನೋಡದೆ ಹೇಳಲಾಗದು, ಹುಲ್ಲಿನ ಅನುಮಾನವಂತೂ ಇದೆ ಎಂದರು.

ಆ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್‌ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಭಾನುವಾರ ಬೆಳಗಾಗುವಾಗ ಹೊಸಪೇಟೆಗೆ ಹೊಸಪೇಟೆಯೇ ಅಣೆಕಟ್ಟಿನ ಮಾತಾಡುತ್ತಿತ್ತು. 1953ರಿಂದ ನಿಂತ ಅಣೆ. ತುಂಬಿದ ನೀರೆಲ್ಲ ಹೋದರೆ ಬೆಳೆಯ ಗತಿಯೇನು, ಕಂಪ್ಲಿಯ ಗದ್ದೆಗಳ ಗತಿಯೇನು ಎಂದು ಅಪ್ಪ ಓಣಿಯಲ್ಲಿ ನಿಂತು ನಾಲ್ಕು ಜನರೊಡನೆ ಮಾತಾಡುತ್ತಿದ್ದ. ಒಳಗೆ ತಂಗಿ ಹಕ್ಕನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅವನು ಬೆಳಗಿನ ಜಾವದಲ್ಲೇ ಸತ್ತಿದ್ದ. ಊರಿಗೆ ಊರೇ ಅಷ್ಟು ದೊಡ್ಡ ಸಂಕಟದಲ್ಲಿರುವಾಗ ಒಂದು ಮೊಲಕ್ಕಾಗಿ ಅಳುವುದು ಹೇಗೆಂದು ನನಗೆ ನಾಚಿಕೆಯಾಯಿತು. ಅವಳಿಗೆ ಆಗಲಿಲ್ಲ. ಅವಳು ನನ್ನನ್ನು ಬೈಯಲಿಲ್ಲ, ‘ಅಣ್ಣ, ನೀನು ಓದಿದ್ದೆಲ್ಲಾ’ ಎಂದಷ್ಟೇ ಅಂದಳು. ಆ ಮಾತು ಅಲ್ಲಿಗೇ ನಿಂತಿತು.

ಸೋಮವಾರ ಅವ್ವ ಬಂದಳು. ಬಂದವಳು ಕೈಕಾಲು ತೊಳೆಯುವ ಮೊದಲು ಹಿತ್ತಲಿಗೆ ಹೋಗಿ ಉಳಿದ ಪೆಂಡಿಯ ಹೊಟ್ಟೆಗೆ ಮೊಳಕೈ ತನಕ ಕೈ ತೂರಿಸಿದಳು. ಹೊರಗೆಳೆದ ಹಿಡಿ ಹುಲ್ಲನ್ನು ಮೂಗಿಗೆ ಹಿಡಿದು ನನ್ನ ಮೂಗಿಗೂ ಹಿಡಿದಳು. ಬಹಳ ದಿನ ಮುಚ್ಚಿಟ್ಟ ಒದ್ದೆ ಗೋಣಿಚೀಲದ ವಾಸನೆ.

‘ಹುಲ್ಲು ಮ್ಯಾಲ್ ನೋಡಬ್ಯಾಡಪಾ, ಹೊಟ್ಯಾಗ ನೋಡು’ ಎಂದಳು. ಅವಳ ಬೈಗುಳ ಇಷ್ಟೇ.

ಮುಂದಿನ ಒಂದು ತಿಂಗಳು ನನಗೆ ಪಾಠವಾಯಿತು. ಈ ಪಾಠಕ್ಕೆ ಟಿಪ್ಪಣಿಯಿಲ್ಲ, ಗೈಡಿಲ್ಲ. ಕೇಳಿದರೆ ಅವಳಿಗೆ ಹೇಳಲೂ ಬಾರದು, ಕೈ ಮಾಡುವುದನ್ನು ನೋಡಿ ನಾನೇ ಮಾತಿಗಿಳಿಸಿಕೊಳ್ಳಬೇಕು. ಮೊದಲು ಕೈ ಒಳಗೆ ಹಾಕಬೇಕು. ಬೆಚ್ಚಗಿದ್ದರೆ ಒಳಗೆ ಕೊಳೆಯಲು ಹತ್ತಿದೆಯೆಂದು ಅರ್ಥ. ಹಸಿ ಆರದೆ ಒಟ್ಟಿದ ಬಣವೆ ಒಳಗೊಳಗೇ ಕಾದು ಒಮ್ಮೊಮ್ಮೆ ತಾನಾಗಿಯೇ ಹೊತ್ತಿಕೊಳ್ಳುವುದೂ ಉಂಟು. ಆಮೇಲೆ ಒಂದು ಹಿಡಿಯನ್ನು ಹಗ್ಗ ಹೊಸೆಯುವಂತೆ ತಿರುವಬೇಕು. ಸರಿಯಾಗಿ ಒಣಗಿದ್ದು ಸದ್ದು ಮಾಡುತ್ತದೆ. ಒದ್ದೆಯಿದ್ದದ್ದು ಸುಮ್ಮನೆ ಬಳುಕುತ್ತದೆ. ಹಳತಾಗಿ ಸತ್ತದ್ದು ಪುಡಿಯಾಗುತ್ತದೆ. ನಮ್ಮ ಊರಿನ ಲೆಕ್ಕದಲ್ಲಿ ಇದು ಕೈಯ ಅಂದಾಜು. ಪುಸ್ತಕದ ಲೆಕ್ಕದಲ್ಲಿ ಒಟ್ಟುವ ಮೊದಲು ಹುಲ್ಲಿನ ತೇವ ಶೇಕಡ 15ರ ಸುಮಾರಿಗೆ ಇಳಿದಿರಬೇಕು. ನಾನು ಗ್ರಂಥಾಲಯದಿಂದ ಈ ಅಂಕಿಯನ್ನು ತಂದು ಹೇಳಿದಾಗ ಅವ್ವ, ‘ಹದಿನೈದು ಅಂದ್ರ ಎಷ್ಟು ಸದ್ದು ಮಾಡತೈತಿ?’ ಎಂದು ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಬಿಸಿಲಿಗೆ ಎತ್ತಿ ಹಿಡಿದು ಕೊಡವಬೇಕು. ಮಣ್ಣಿನ ದೂಳು ತಟ್ಟನೆ ಕೆಳಗೆ ಬೀಳುತ್ತದೆ, ಬೂಷ್ಟಿನ ದೂಳು ಗಾಳಿಯಲ್ಲಿ ತೇಲುತ್ತದೆ. ಅಂದು ನನ್ನೆದುರಿಗೆ ಹೊಗೆಯಂತೆ ತೇಲಿದ್ದು ಇದೇ. ಬಣ್ಣದಲ್ಲಿಯೂ ಮೋಸವುಂಟು. ಹಳದಿಯಾದದ್ದೆಲ್ಲ ಕೆಟ್ಟದ್ದಲ್ಲ, ಬಿಸಿಲು ಹೆಚ್ಚಾಗಿರಬಹುದು, ಸತ್ವ ಕಡಿಮೆಯಾದೀತೇ ಹೊರತು ವಿಷವಲ್ಲ. ಕಪ್ಪು ಚುಕ್ಕೆ, ಬೂದು ಎಳೆ, ಒಂದಕ್ಕೊಂದು ಅಂಟಿಕೊಂಡ ಕಡ್ಡಿಗಳಿದ್ದರೆ ಆ ಪೆಂಡಿಯೇ ಬೇಡ. ಕೆಟ್ಟದ್ದನ್ನು ತೆಗೆದು ಒಳ್ಳೆಯದನ್ನು ಹಾಕುತ್ತೇನೆಂದು ಆರಿಸುತ್ತ ಕೂರಬಾರದು. ನೆಲ್ಲುಹುಲ್ಲಿನ ಬೂಷ್ಟು ಎಮ್ಮೆಗಳಿಗೆ ಬಾಲ, ಕಿವಿ, ಗೊರಸು ಕೊಳೆಯುವ ಡೆಗ್ನಾಲಾ ಎಂಬ ರೋಗವನ್ನು ತರುತ್ತದೆಂದು ಮುಂದೆ ಓದಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ ಕಾರಣ ಹುಡುಕಿದವರಿಗೆ ಸಿಕ್ಕದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿ. ಅಫ್ಲಾಟಾಕ್ಸಿನ್ ಎಂಬ ವಿಷದ ಪರಿಚಯ ಜಗತ್ತಿಗಾದದ್ದು ಅಲ್ಲಿಂದ. ಶೇಂಗಾದ ನಾಡಿನವರಾದ ನಾವು ನೆನಪಿಡತಕ್ಕ ಸಂಗತಿ. ಅವ್ವ ಮಳೆಗೆ ಸಿಕ್ಕ ಶೇಂಗಾ ಹೊಟ್ಟನ್ನು ತಿಪ್ಪೆಗೇ ಹಾಕುತ್ತಾಳೆ.

ಹುಲ್ಲು ಎಲ್ಲಿಯದೆಂಬುದನ್ನು ಅವಳು ಮೂಸಿಯೇ ಹೇಳಬಲ್ಲಳು. ಕಾಲುವೆ ದಂಡೆಯ ಗರಿಕೆ ಒಣಗಿದರೆ ಚಹಾದ ಹಾಗೆ ಕಂಪು ಬರುತ್ತದೆ. ಮೊಲಕ್ಕೆ ಅದೇ ಸೈ ಎಂದು ಅವಳ ತೀರ್ಪು, ಪುಸ್ತಕವೂ ಒಪ್ಪುತ್ತದೆ. ನೆಲ್ಲುಹುಲ್ಲು ಕಾಳು ಬಿಟ್ಟುಕೊಟ್ಟು ಉಳಿದ ದಂಟು; ಹೊಟ್ಟೆ ತುಂಬಿಸೀತು, ಮೈ ತುಂಬಿಸದು. ಅದರ ಮೇಲೆ ಭತ್ತಕ್ಕೆ ಹೊಡೆದ ಔಷಧಿಯ ಭಯ ಬೇರೆ. ಕಂಪ್ಲಿಯಲ್ಲಿ ಕೊಳ್ಳುವಾಗ ಅವಳು ಕೇಳುವ ಮೊದಲ ಮಾತು ದರವಲ್ಲ, ‘ಕಡೀ ಎಣ್ಣಿ ಯಾವಾಗ ಹೊಡೆದ್ರಿ?’ ಸಂಡೂರಿನ ಗುಡ್ಡದ ಒಣಹುಲ್ಲು ಅವಳ ತವರಿನದಾದರೂ ಅದಿರಿನ ಲಾರಿ ಓಡಾಡುವ ರಸ್ತೆಯ ಬದಿಯದನ್ನು ಮುಟ್ಟುವುದಿಲ್ಲ. ಕೆಂಪು ದೂಳು ಕೂತ ಹುಲ್ಲು ತಿಂದ ದನದ ಹಲ್ಲು ಬೇಗ ಸವೆಯುತ್ತದೆಂದು ಅವಳ ಅಪ್ಪ ಹೇಳುತ್ತಿದ್ದನಂತೆ. ಆ ಗುಡ್ಡಗಳಲ್ಲಿ ಈಟಿಯ ಹಾಗೆ ಚೂಪಾದ ಬೀಜ ಬಿಡುವ ಹುಲ್ಲೊಂದುಂಟು. ತೆನೆ ಬಲಿಯುವ ಮೊದಲು ಕೊಯ್ದರೆ ಮೇವು, ಬಲಿತ ಮೇಲೆ ಕೊಯ್ದರೆ ಬಾಯಿಗೆ ಸೂಜಿ. ಕಾಂಗ್ರೆಸ್ ಕಸ, ಮದ್ದುಗುಣಿಕೆ, ಔಡಲದ ಎಲೆ, ಎಕ್ಕ ಹೊರೆಯೊಳಗೆ ಸೇರಿದ್ದರೆ ಒಣಗಿದ ಮೇಲೆ ಗುರುತು ಸಿಕ್ಕುವುದು ಕಷ್ಟ, ಆದ್ದರಿಂದ ಹಸಿ ಇರುವಾಗಲೇ ಆರಿಸಬೇಕು.

ಜೋಳದ ವಿಷಯ ಬಂದಾಗ ಮಾತ್ರ ಅವಳ ದನಿ ಬದಲಾಗುತ್ತದೆ. ಅವಳು ಹತ್ತು ವರ್ಷದವಳಾಗಿದ್ದಾಗ ಮಳೆ ಕೈಕೊಟ್ಟ ಒಂದು ವರ್ಷ, ಮೊಣಕಾಲೆತ್ತರಕ್ಕೆ ನಿಂತು ಬಾಡುತ್ತಿದ್ದ ಜೋಳದ ಹೊಲಕ್ಕೆ ಎತ್ತು ಹೊಕ್ಕಿತು. ಅವಳೇ ಕಾಯುತ್ತಿದ್ದವಳು, ಜೊತೆಯ ಹುಡುಗಿಯರೊಡನೆ ಆಟದಲ್ಲಿದ್ದಳು. ‘ಹೊಲದಾಗಿಂದ ಬದುವಿಗೆ ಬರೋದ್ರೊಳಗ ಬಿತ್ತು. ಬಾಯಾಗ ನೊರೆ. ಅಪ್ಪ ನನ್ನ ಹೊಡೀಲಿಲ್ಲ’ ಎಂದಳು. ಎಳೆಯ ಜೋಳದಲ್ಲಿ, ಅದರಲ್ಲಿಯೂ ನೀರಿಲ್ಲದೆ ಕುಗ್ಗಿದ ಜೋಳದಲ್ಲಿ, ಜಗಿದಾಗ ಸೈನೈಡ್ ಬಿಡುವ ವಸ್ತುವಿರುತ್ತದೆ. ಬಲಿತು ಚೆನ್ನಾಗಿ ಒಣಗಿದ ಸೊಪ್ಪೆಯಲ್ಲಿ ಆ ಭಯ ಬಹಳಷ್ಟು ಕಡಿಮೆ. ಇದನ್ನು ನಾನು ಅವಳಿಗೆ ವಿವರಿಸಿದೆ. ಕೇಳಿ, ‘ಹಂಗಾದ್ರ ಅದು ನಾನು ಆಟ ಆಡಿದ್ದಕ್ಕ ಅಲ್ಲ?’ ಎಂದಳು. ಮೂವತ್ತು ವರ್ಷ ಒಬ್ಬ ಹೆಂಗಸು ಈ ಪ್ರಶ್ನೆಯನ್ನು ಯಾರಲ್ಲಿಯೂ ಕೇಳದೆ ಇಟ್ಟುಕೊಂಡಿದ್ದಳು. ನನ್ನ ವಿದ್ಯೆ ಮನೆಗೆ ಉಪಯೋಗಕ್ಕೆ ಬಂದದ್ದು ಆ ಒಂದು ದಿನ.

ಇನ್ನೊಂದು ವಿಷಯವನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಅವ್ವನಿಗೆ ಕೆಮ್ಮಿದೆ. ನಾನು ಹುಡುಗನಾಗಿದ್ದಾಗಿನಿಂದ, ಅದರಲ್ಲೂ ಮಳೆಗಾಲದಲ್ಲಿ ಹುಲ್ಲು ಕೊಡವಿದ ರಾತ್ರಿ ಕೆಮ್ಮು ಹೆಚ್ಚು. ಮೊಲಕ್ಕಾಗಿ ಬೂಷ್ಟಿನ ವಿಷಯ ಹುಡುಕುತ್ತ ಹೋದಾಗ, ಅದರ ದೂಳನ್ನು ವರ್ಷಗಟ್ಟಲೆ ಉಸಿರಾಡಿದ ರೈತರ ಶ್ವಾಸಕೋಶಕ್ಕೆ ಬರುವ ಕಾಯಿಲೆಯ ವಿವರವೂ ಕಣ್ಣಿಗೆ ಬಿತ್ತು. ಮೊಲ ಒಂದು ದಿನ ತಿನ್ನದಿದ್ದುದಕ್ಕೆ ಡಬ್ಬಿ ಹಿಡಿದು ಆಸ್ಪತ್ರೆಗೆ ಓಡಿದವನು ನಾನು. ಇಷ್ಟು ವರ್ಷ ಈ ಕೆಮ್ಮಿಗೆ ಎಲ್ಲಿಗೆ ಓಡಿದ್ದೆ? ಕಡೆಗೆ ಒತ್ತಾಯ ಮಾಡಿ ಕರೆದೊಯ್ದು ತೋರಿಸಿದೆ. ಗಾಳಿಕೊಳವೆಯ ಊತವೆಂದು ಹೇಳಿ ಎಳೆದುಕೊಳ್ಳುವ ಔಷಧಿ ಕೊಟ್ಟಿದ್ದಾರೆ, ಹುಲ್ಲಿನ ದೂಳಿನಿಂದ ದೂರವಿರಬೇಕೆಂದಿದ್ದಾರೆ. ಹುಲ್ಲಿನಿಂದ ದೂರವಿರುವುದೆಂದರೆ ಏನೆಂದು ಆ ಡಾಕ್ಟರಿಗೆ ಹೇಗೆ ತಿಳಿಯಬೇಕು! ಮುಖಕ್ಕೆ ಮಾಸ್ಕ್ ತಂದುಕೊಟ್ಟರೆ, ‘ಮೂಗು ಮುಚ್ಚಿಕೊಂಡ್ರ ಹುಲ್ಲು ನೋಡೋದು ಹೆಂಗ?’ ಎಂದು ನಕ್ಕಳು. ಈಗ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಮೂಸುವುದು ಅವಳು, ಕೊಡವುವುದು ನಾನು. ಬೆಳಿಗ್ಗೆ ಮೊದಲ ಗಂಟೆಗೆ ನಾನು ತಡವಾಗಿ ಬರುವುದರ ಕಾರಣ ಅಧ್ಯಾಪಕರಿಗೆ ಈ ಮೂಲಕವಾದರೂ ತಿಳಿಯಲಿ.

ಕೊನೆಯ ವರ್ಷದ ಇತಿಹಾಸದ ಪತ್ರಿಕೆಗಾಗಿ ಸೀವೆಲ್ ಸಾಹೇಬರ 1900ರ ಪುಸ್ತಕವನ್ನು ತಿರುವುತ್ತಿದ್ದೆ. ಅದರಲ್ಲಿ ನೂನಿಜನ ವೃತ್ತಾಂತದ ಅನುವಾದವಿದೆ. ರಾಯಚೂರಿನ ಯುದ್ಧಕ್ಕೆ ಹೊರಟ ಕೃಷ್ಣದೇವರಾಯನ ದಂಡಿನಲ್ಲಿ 32,400 ಕುದುರೆಗಳು, 551 ಆನೆಗಳಿದ್ದವೆಂದೂ, ಅವಕ್ಕೆ ದಿನಕ್ಕೆ ಎಷ್ಟು ಹುಲ್ಲು ಬೇಕಾದೀತೆಂದು ಯಾರಾದರೂ ಊಹಿಸಿಕೊಳ್ಳಬಹುದೆಂದೂ ಅವನು ಬರೆದಿದ್ದಾನೆ. ಕುದುರೆ ವ್ಯಾಪಾರಿಯಲ್ಲವೇ, ಹುಲ್ಲಿನ ಕಡೆ ಅವನ ಕಣ್ಣು ಹೋಯಿತು. ನಾನು ಈ ಸಾಲುಗಳನ್ನು ಓದಿ ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತೆ. ಅಷ್ಟು ಹುಲ್ಲನ್ನು ಕೊಯ್ದವರು ಯಾರು, ಹೊತ್ತವರು ಯಾರು? ಅಷ್ಟು ಹೊರೆಗಳ ಹೊಟ್ಟೆಗೆ ಮೊಳಕೈ ತನಕ ಕೈ ತೂರಿಸಿ, ಇದು ಬೇಡ, ಇದು ಆಗಬಹುದು ಎಂದು ಬೇರೆ ಮಾಡಿದವರು ಯಾರು? ಆನೆಸಾಲೆ ಇನ್ನೂ ನಿಂತಿದೆ, ಪ್ರವಾಸಿಗಳು ಫೋಟೋ ತೆಗೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಯುದ್ಧದ ಕಾರಣ ಮತ್ತು ಪರಿಣಾಮಗಳನ್ನು ಕೇಳುತ್ತಾರೆ, ಹುಲ್ಲಿನ ಪ್ರಶ್ನೆ ಬರುವುದಿಲ್ಲ.

ಚಂದ್ರಿ ಚೆನ್ನಾಗಿದ್ದಾಳೆ. ಹೋದ ವರ್ಷ ತಂಗಿಯ ಮೇಲಿನ ಋಣ ತೀರಿಸಲೆಂದು ನನ್ನ ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣದಿಂದ ಟಿಮೋತಿ ಎಂಬ ಚಳಿದೇಶದ ಹುಲ್ಲನ್ನು ಅಂಚೆಯಲ್ಲಿ ತರಿಸಿದೆ. ಮೊಲಗಳಿಗೆ ಅದು ಅಮೃತವೆಂದು ಎಲ್ಲರೂ ಬರೆದಿದ್ದರು. ಬಣ್ಣದ ಚೀಲ, ಮೇಲೆ ಮೊಲದ ಚಿತ್ರ. ಒಂದು ಕಿಲೋಕ್ಕೆ ಕೊಟ್ಟ ಹಣದಲ್ಲಿ ನಮ್ಮ ಎಮ್ಮೆಗಳಿಗೆ ವಾರದ ಮೇವು ಬರುತ್ತಿತ್ತು. ದರವನ್ನು ಅವ್ವನಿಗೆ ಅರ್ಧ ಮಾಡಿ ಹೇಳಿದೆ. ಅವಳು ಚೀಲದ ಬಾಯಿ ಬಿಚ್ಚಿ ಮುಖ ಒಳಗಿಟ್ಟು, ‘ಹಡಗಿನ್ಯಾಗ ನೀರು ಕುಡಿದೈತಿ’ ಎಂದಳು. ನಾನು ನಂಬಲಿಲ್ಲ. ತಳದ ಹಿಡಿ ತೆಗೆದು ಬಿಸಿಲಿಗೆ ಹಿಡಿದು ಕೊಡವಿದೆ. ದೂಳು ಬೀಳಲಿಲ್ಲ, ತೇಲಿತು. ಹಿಂದಕ್ಕೆ ಕಳಿಸಿದೆ, ಹಣ ಬಂದಿತು. ಚಂದ್ರಿ ಈಗಲೂ ಬಸವಣ್ಣ ಕಾಲುವೆಯ ದಂಡೆಯ ಗರಿಕೆಯನ್ನೇ ತಿನ್ನುತ್ತಾಳೆ.

ಮೊನ್ನೆ ಭಾನುವಾರ ಅವ್ವ ಹೊಸ ಪೆಂಡಿಯೊಂದನ್ನು ನನ್ನ ಮುಂದೆ ಹಾಕಿ, ‘ನೀನ ನೋಡು, ನಾ ಬರಾಂಗಿಲ್ಲ’ ಎಂದು ಕಟ್ಟೆಯ ಮೇಲೆ ಕುಳಿತಳು. ತಂಗಿಯೂ ಬಂದು ಪಕ್ಕದಲ್ಲಿ ಕುಳಿತಳು. ಕೈ ತೂರಿಸಿದೆ: ತಣ್ಣಗಿತ್ತು. ತಿರುವಿದೆ: ಸದ್ದು ಮಾಡಿತು. ಮೂಸಿದೆ, ಕೊಡವಿದೆ, ಕಡ್ಡಿಕಡ್ಡಿಯಾಗಿ ಹರವಿದೆ. ಹತ್ತು ನಿಮಿಷದ ಮೇಲೆ, ‘ಆಗಬಹುದವ್ವ’ ಎಂದೆ. ಅವಳು ಎದ್ದು ಬಂದು ಹರವಿದ ಹುಲ್ಲಿನ ಮೇಲೆ ಅಂಗೈಯನ್ನು ಒಮ್ಮೆ ಆಡಿಸಿ, ಎರಡು ಬೆರಳಿನಿಂದ ಏನನ್ನೋ ಎತ್ತಿ ನನ್ನ ಅಂಗೈಯಲ್ಲಿಟ್ಟಳು. ಪೆಂಡಿ ಕಟ್ಟುವ ನೀಲಿ ನೈಲಾನ್ ದಾರದ ತುಂಡು, ಗೇಣುದ್ದದ್ದು.

‘ಇನ್ನೊಮ್ಮೆ ನೋಡು’ ಎಂದಳು.